ರೀಪ್ಲೇಟ್ ಆದ ಸಿಲಿಂಡರ್‌ನ ಪೆಟ್ರೋಲಲ್ಲಿ ತೊಳೆದ್ರೆ ಸಾಕಾ?

"ಸಾರ್, ಕೆಟಿಎಂ 390 ಡ್ಯೂಕ್ ಬೈಕಿನ ಸಿಲಿಂಡರ್ ರೀಪ್ಲೇಟಿಂಗ್ (ಒಳಗೋಡೆಗೆ ಹೊಸ ಲೇಪ) ಆಗಿ ಬಂತು, ಪೆಟ್ರೋಲಲ್ಲಿ ಒಂದ್ಸಲ ತೊಳೆದು ಫಿಟ್ ಮಾಡ್ಬಹುದಲ್ವಾ?"

ಮಾಡ್ಬಾರ್ದು. ಬಿಸಿನೀರು, ಪಾತ್ರೆ ತೊಳೆಯೋ ಲಿಕ್ವಿಡ್ಡು, ನೈಲಾನ್ ಬ್ರಷ್ಷು, ಇಷ್ಟೇ ಬೇಕಾಗಿರೋದು. ಇದನ್ನ ಎಷ್ಟ್ ಸಲ ಹೇಳಿದೀನೋ ಲೆಕ್ಕ ಬಿಟ್ಟಿದೀನಿ, ಆದ್ರೂ "ನಮ್ ಮೆಕ್ಯಾನಿಕ್ ಇಪ್ಪತ್ ವರ್ಷದಿಂದ ಪೆಟ್ರೋಲಲ್ಲೇ ತೊಳೀತಾನೆ" ಅನ್ನೋ ಮಾತು ಬಂದೇ ಬರುತ್ತೆ.

ನೋಡಿ, ಪ್ಲೇಟಿಂಗ್ ಆದ್ಮೇಲೆ ಬೋರ್‌ನ (ಪಿಸ್ಟನ್ ಓಡಾಡೋ ತೂತನ್ನ) ಡೈಮಂಡ್ ಹೋನ್ ಅನ್ನೋ ವಜ್ರದ ಸಾಣೆಯಿಂದ ಉಜ್ಜಿ ಸೈಜಿಗೆ ತರ್ತಾರೆ, ಆಗ ಬೀಳೋ ಅಡ್ಡಡ್ಡ ಗೀರುಗಳ ತಳದಲ್ಲಿ ಹೋನಿಂಗ್ ಪುಡಿ ಎಣ್ಣೆ ಜೊತೆ ಮೆತ್ಕೊಂಡು ಕೂತಿರುತ್ತೆ. ಪೆಟ್ರೋಲ್ ಏನ್ ಮಾಡುತ್ತೆ? ಎಣ್ಣೆನ ತೆಳು ಮಾಡಿ ಅರ್ಧ ನಿಮಿಷದಲ್ಲಿ ಆರಿ ಹೋಗುತ್ತೆ, ಪುಡಿ ಇದ್ದಲ್ಲೇ ಇರುತ್ತೆ. ಸೋಪಾದ್ರೆ ಎಣ್ಣೆನೂ ಪುಡಿನೂ ಎತ್ಕೊಂಡು ನೀರಲ್ಲಿ ತೇಲಿಸಿ ಆಚೆ ಹಾಕುತ್ತೆ. ನಂಬಿಕೆ ಇಲ್ವಾ, ಪೆಟ್ರೋಲ್ ತಿಳಿಯಾಗಿ ಇಳಿಯೋವರೆಗೂ ತೊಳೀರಿ, ಆಮೇಲೆ ಸೋಪ್ ಹಾಕಿ ಉಜ್ಜಿ. ನೊರೆ ಬೂದಿ ಬಣ್ಣಕ್ಕೆ ತಿರುಗುತ್ತೆ. ಆ ಬೂದಿ ಎಲ್ಲಿಂದ ಬಂತು ಮತ್ತೆ?

"ನಿಕಾಸಿಲ್ ಅಷ್ಟು ಗಟ್ಟಿ, ಪುಡಿಯಿಂದ ಏನಾಗುತ್ತೆ" ಅಂತ ಇನ್ನೊಂದು ವಾದ. ಬೋರಿಗೆ ಏನೂ ಆಗಲ್ಲ ಸ್ವಾಮಿ, ನಿಕಾಸಿಲ್ ಅಂದ್ರೆ ಆ ಪ್ಲೇಟಿಂಗೇ, ನಿಕಲ್ ಒಳಗೆ ಸಿಲಿಕಾನ್ ಕಾರ್ಬೈಡ್ ಕಣ ಕೂರಿಸಿರೋ ಲೇಪ. ಸವೆಯೋದು ಪಿಸ್ಟನ್ ಸುತ್ತ ಇರೋ ರಿಂಗು. ಪಿಸ್ಟನ್ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಮೆತ್ತನೆ ಅಲ್ಯೂಮಿನಿಯಂ, ಪುಡಿ ಅದರಲ್ಲಿ ಚುಚ್ಕೊಂಡು ಕೂತ್ರೆ ಸಾಣೆಕಲ್ಲೇ ಮೇಲೆ ಕೆಳಗೆ ಓಡಾಡಿದ ಹಾಗೆ.

ಅದಕ್ಕೇ ಹಳೇ ಬಿಳಿ ಪಂಚೆ ತುಂಡಿಗೆ ಒಂದ್ ಹನಿ ಎಣ್ಣೆ ಹಾಕಿ ಬೋರ್ ಒಳಗೆ ತಿರುವಿ. ಬೂದಿ ಗೆರೆ ಬಂದ್ರೆ ಮತ್ತೆ ಸೋಪು. ಮೂರು ಸಲ ಆಗಬಹುದು, ಐದೂ ಆಗಬಹುದು. ಸ್ಟಡ್ ತೂತು, ಆಯಿಲ್ ದಾರಿ, ನೀರಿನ ಜಾಕೆಟ್ ಎಲ್ಲಾ ತೊಳೆದು ಗಾಳಿ ಹೊಡೀರಿ. ಕಾಸ್ಟಿಕ್ ಸೋಡಾ ಮಾತ್ರ ಹತ್ರಕ್ಕೂ ತರಬೇಡಿ, ಅಲ್ಯೂಮಿನಿಯಂನ ತಿಂದ್ಹಾಕುತ್ತೆ. ಎಮರಿ ಪೇಪರ್ ಉಜ್ಜೋರಿಗೆ ಹೇಳಿ ಪ್ರಯೋಜನ ಇಲ್ಲ.

ಫಿಟ್ ಮಾಡೋ ಮುಂಚೆ ರಿಂಗನ್ನ ಬೋರಲ್ಲಿ ಇಟ್ಟು ಪಿಸ್ಟನ್ನಿಂದ ನೆಟ್ಟಗೆ ತಳ್ಳಿ ಫೀಲರ್ ಗೇಜಲ್ಲಿ (ಸಂದು ಅಳೆಯೋ ತೆಳು ತಗಡಿನ ಪಟ್ಟಿ) ರಿಂಗಿನ ಎರಡು ತುದಿ ಮಧ್ಯದ ಗ್ಯಾಪ್ ನೋಡಿ. ಬೋರಿನ ಪ್ರತಿ ಇಂಚಿಗೆ 4 ಥೌ (ಇಂಚಿನ ಸಾವಿರದಲ್ಲಿ 4 ಭಾಗ) ಅನ್ನೋದು ಹಳೇ ಲೆಕ್ಕ, 89 ಎಂಎಂ ಬೋರಿಗೆ ಸುಮಾರು 0.35 ಎಂಎಂ ಆಯ್ತು, ಆದ್ರೆ ಮ್ಯಾನ್ಯುಯಲ್ ಏನ್ ಹೇಳುತ್ತೋ ಅದೇ ಫೈನಲ್.

ಯಾರೂ ಕೇಳಿಲ್ಲ, ಆದ್ರೂ ಹೇಳ್ಬಿಡ್ತೀನಿ. ಯಮಹಾ ಆರ್‌ಎಕ್ಸ್ 100 ಥರ ಇದನ್ನ ಬೋರ್ ಮಾಡ್ಸಿ (ಕೊರೆದು ಅಗಲ ಮಾಡ್ಸಿ) ಓವರ್‌ಸೈಜ್ ಪಿಸ್ಟನ್ ಯಾಕೆ ಹಾಕ್ಬಾರ್ದು? ಆರ್‌ಎಕ್ಸಲ್ಲಿ ಇರೋದು ದಪ್ಪ ಎರಕದ ಕಬ್ಬಿಣದ ಸ್ಲೀವ್ (ಒಳಕೊಳವೆ), ಕೊರೆದಷ್ಟೂ ಕಬ್ಬಿಣವೇ ಸಿಗುತ್ತೆ. ಇಲ್ಲಿ ಲೇಪ 0.1 ಎಂಎಂ ಆಸುಪಾಸು, ಕೊರೆದ್ರೆ ಲೇಪವೇ ಹೋಯ್ತು, ಕೆಳಗೆ ಬರೀ ಅಲ್ಯೂಮಿನಿಯಂ. ಯಮಹಾ ಆರ್15 ಕಥೆ ಇನ್ನೂ ಬೇರೆ, ಅದರದ್ದು ಡಯಾಸಿಲ್, ಲೇಪನೂ ಇಲ್ಲ ಸ್ಲೀವೂ ಇಲ್ಲ, ಸುಮಾರು 20% ಸಿಲಿಕಾನ್ ಇರೋ ಅಲ್ಯೂಮಿನಿಯಮ್ಮೇ ಬೋರು.

ಹಾಂ, ಆರ್‌ಎಕ್ಸ್ ಇರೋರು ಇದನ್ನ ಓದಿ ಬಿಸಿನೀರಲ್ಲಿ ತೊಳೆದಿಟ್ಟು ಕಾಫಿ ಕುಡಿಯಕ್ಕೆ ಹೋಗ್ಬೇಡಿ, ವಾಪಸ್ ಬರೋಷ್ಟರಲ್ಲಿ ಬೋರ್ ಕೆಂಪಗೆ ತುಕ್ಕು ಹಿಡಿದಿರುತ್ತೆ. ಒರೆಸಿದ ಕೈಯಲ್ಲೇ ಎಣ್ಣೆ ಸವರಿ.