ಒಬ್ಬರ ಸಂಬಳ, ಇಬ್ಬರ ಸಾಲ: ಯಾವುದನ್ನು ಮೊದಲು ತೀರಿಸಬೇಕು?

ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ, ನಿವೃತ್ತಿಯ ನಂತರ ಮೈಸೂರಿನಲ್ಲಿ ಸಾಲದ ಹೊರೆ ಹೊತ್ತ ಕುಟುಂಬಗಳಿಗೆ ಸಲಹೆ ನೀಡುತ್ತಿರುವ ನನಗೆ ಒಂದು ಸಂಗತಿ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಕೆಲಸ ಹೋಗಿ, ಕಾಯಿಲೆ ಬಿದ್ದು ಅಥವಾ ಮನಸ್ಸು ಕುಸಿದು ದಂಪತಿಯಲ್ಲಿ ಒಬ್ಬರ ದುಡಿಮೆ ನಿಂತಾಗ, ಹೆಚ್ಚಿನ ಮನೆಗಳಲ್ಲಿ ಸಾಲಗಳು ತೀರುವುದು ಬಡ್ಡಿಯ ಲೆಕ್ಕದಲ್ಲಲ್ಲ, ಮರ್ಯಾದೆಯ ಲೆಕ್ಕದಲ್ಲಿ. ಯಾರಿಗೆ ಮುಖ ತೋರಿಸಲು ಹೆಚ್ಚು ನಾಚಿಕೆಯಾಗುತ್ತದೆಯೋ ಅವರ ಹಣ ಮೊದಲು ಹೋಗುತ್ತದೆ. ಮುಖವೇ ಇಲ್ಲದ ಸಾಲ, ಅಂದರೆ ಕ್ರೆಡಿಟ್ ಕಾರ್ಡ್ ಮತ್ತು ಮೊಬೈಲ್ ಆ್ಯಪ್‌ನ ಸಾಲ, ಕೊನೆಗೆ ಉಳಿದು ಎಲ್ಲಕ್ಕಿಂತ ವೇಗವಾಗಿ ಬೆಳೆಯುತ್ತದೆ. ದುಡಿಮೆ ಕಳೆದುಕೊಂಡವರನ್ನು ಮನೆಯ ಲೆಕ್ಕದಿಂದ ಹೊರಗಿಡುವುದೂ ಅದೇ ನಾಚಿಕೆಯೇ. ಇವೆರಡನ್ನೂ ಒಟ್ಟಿಗೆ ಸರಿಪಡಿಸದೆ ಯಾವ ಯೋಜನೆಯೂ ಆರು ತಿಂಗಳು ಬಾಳುವುದಿಲ್ಲ ಎಂಬುದು ನನ್ನ ಅನುಭವ.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಒಂದು ಕುಟುಂಬದ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ. ಪತ್ನಿ ಪ್ರೌಢಶಾಲೆಯ ಶಿಕ್ಷಕಿ, ಕೈಗೆ ಬರುವ ಸಂಬಳ 46,000 ರೂಪಾಯಿ. ಪತಿ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರಾಗಿದ್ದು ಕೆಲಸ ಕಳೆದುಕೊಂಡವರು. ಕೆಲವೇ ತಿಂಗಳಲ್ಲಿ ನಿದ್ದೆ ಕೆಟ್ಟು, ಜನರನ್ನು ಕಾಣುವುದನ್ನೇ ಬಿಟ್ಟಿದ್ದರು. ಇಬ್ಬರ ಹೆಸರಿನಲ್ಲಿರುವ ಗೃಹಸಾಲದಲ್ಲಿ 24 ಲಕ್ಷ ಬಾಕಿ, ಶೇ 8.5ರ ಬಡ್ಡಿ, ಇನ್ನೂ 20 ವರ್ಷ, ತಿಂಗಳ ಕಂತು ಸುಮಾರು 20,830 ರೂಪಾಯಿ. ಪತಿಯ ವೈಯಕ್ತಿಕ ಸಾಲದಲ್ಲಿ 3 ಲಕ್ಷ ಬಾಕಿ, ಶೇ 14ರ ಬಡ್ಡಿ, ಕಂತು 10,250. ಪತಿಯ ಕ್ರೆಡಿಟ್ ಕಾರ್ಡಿನಲ್ಲಿ 1,80,000. ಇದಲ್ಲದೆ ಪತ್ನಿ ತವರಿನ ಅಣ್ಣನಿಂದ ಪಡೆದ ಒಂದು ಲಕ್ಷದ ಕೈಸಾಲ, ಬಡ್ಡಿ ಇಲ್ಲ. ಅಣ್ಣ ಒಮ್ಮೆಯೂ ಕೇಳಿರಲಿಲ್ಲ. ಆದರೂ ಈಕೆ ತಿಂಗಳಿಗೆ 10,000 ರೂಪಾಯಿಯನ್ನು ತಪ್ಪದೆ ಹಿಂದಿರುಗಿಸುತ್ತಿದ್ದರು. ಕಾರ್ಡಿಗೆ ಮಿನಿಮಮ್ ಡ್ಯೂ (ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಎಂದು 9,000 ಕಟ್ಟುತ್ತಿದ್ದರು. ಎಲ್ಲ ಕೂಡಿದರೆ 50,000 ದಾಟುತ್ತದೆ, ಸಂಬಳಕ್ಕಿಂತ ಹೆಚ್ಚು. ಹಾಗಾದರೆ ದಿನಸಿ ಎಲ್ಲಿಂದ ಬರುತ್ತಿತ್ತು? ಅದೇ ಕಾರ್ಡಿನಿಂದ.

ಈ ಕಾರ್ಡಿನ ಲೆಕ್ಕವನ್ನು ನಿಧಾನವಾಗಿ ನೋಡಬೇಕು, ಏಕೆಂದರೆ ಮನೆಗಳು ಮುಳುಗುವುದು ಸಾಮಾನ್ಯವಾಗಿ ಇಲ್ಲಿಯೇ. ಅವರ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ 3.5. ಒಂದು ಲಕ್ಷ ಎಂಬತ್ತು ಸಾವಿರಕ್ಕೆ ತಿಂಗಳ ಬಡ್ಡಿ 6,300 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 1,134, ಒಟ್ಟು 7,434. ಆಕೆ ಕಟ್ಟುತ್ತಿದ್ದ 9,000ದಲ್ಲಿ ಅಸಲಿಗೆ ಸೇರುತ್ತಿದ್ದುದು 1,566 ರೂಪಾಯಿ ಮಾತ್ರ. ಬಾಕಿ ಪೂರ್ತಿ ಕಟ್ಟದವರಿಗೆ ಬಡ್ಡಿರಹಿತ ದಿನಗಳ ಸೌಲಭ್ಯವೂ ಇರುವುದಿಲ್ಲವಾದ್ದರಿಂದ, ಆ ತಿಂಗಳು ಕೊಂಡ ಅಕ್ಕಿ ಬೇಳೆಗೂ ಕೊಂಡ ದಿನದಿಂದಲೇ ಬಡ್ಡಿ ಬೀಳುತ್ತಿತ್ತು. ‘ನಾನು ಒಂದು ತಿಂಗಳೂ ತಪ್ಪಿಸಿಲ್ಲ ಸರ್, ಆದರೂ ಕಮ್ಮಿಯಾಗ್ತಿಲ್ಲ’ ಎಂದು ಆಕೆ ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಊರಿನಲ್ಲಿ ನೂರಕ್ಕೆ ಮೂರೂವರೆ ಬಡ್ಡಿ ಎಂದರೆ ಯಾರೂ ಹೆದರುತ್ತಾರೆ. ಅದೇ ದರ ಕಾರ್ಡಿನ ಸ್ಟೇಟ್‌ಮೆಂಟಿನ ಕೊನೆಯ ಪುಟದಲ್ಲಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕರ ಆಯೋಗ 2008ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿದೆ. ಆದ್ದರಿಂದ ಆ ಮಿತಿಯನ್ನು ನಂಬಿಕೊಂಡು ಕೂರುವಂತಿಲ್ಲ.

ನಾನು ಮೊದಲು ಸೂಚಿಸಿದ್ದು ಅಣ್ಣನ ಹಣವನ್ನು ಒಂದು ವರ್ಷ ನಿಲ್ಲಿಸಬೇಕು ಎಂದು. ಆಕೆಗೆ ಅತ್ಯಂತ ಕಷ್ಟವಾದ ಮಾತೂ ಅದೇ. ಬಡ್ಡಿಯಿಲ್ಲದ ಸಾಲಕ್ಕೆ ತಿಂಗಳಿಗೆ ಹತ್ತು ಸಾವಿರ ಕೊಟ್ಟು, ವರ್ಷಕ್ಕೆ ಶೇ 42ರ ಕಾರ್ಡಿನ ಸಾಲವನ್ನು ಬೆಳೆಯಗೊಡುವುದು ಲೆಕ್ಕಕ್ಕೆ ಕೂಡುವುದಿಲ್ಲ. ಆದರೆ ಹೇಳದೆ ಕೇಳದೆ ನಿಲ್ಲಿಸಬಾರದು. ಎದುರು ಕೂತು, ಸ್ಥಿತಿ ತಿಳಿಸಿ, ಮತ್ತೆ ಯಾವ ತಿಂಗಳಿನಿಂದ ಎಷ್ಟು ಕೊಡಲಾದೀತು ಎಂದು ಒಂದು ಚೀಟಿಯಲ್ಲಿ ಬರೆದುಕೊಡಬೇಕು. ಬಂಧುಗಳ ನಡುವೆ ಕೆಡುಕಾಗುವುದು ತಡವಾಗಿ ಕೊಟ್ಟಿದ್ದರಿಂದಲ್ಲ, ಹೇಳದೆ ತಡ ಮಾಡಿದ್ದರಿಂದ.

ಎರಡನೆಯದು ಬಂಗಾರ. ಮನೆಯಲ್ಲಿದ್ದ ಒಡವೆಯ ಮೇಲೆ ಬ್ಯಾಂಕಿನಲ್ಲಿ ಶೇ 10ರ ಆಸುಪಾಸಿನ ಬಡ್ಡಿಗೆ 1,80,000 ರೂಪಾಯಿ ಪಡೆದು ಕಾರ್ಡಿನ ಬಾಕಿಯನ್ನು ಒಂದೇ ಸಲ ಮುಗಿಸಿದರೆ, 36 ತಿಂಗಳ ಕಂತು ಸುಮಾರು 5,800 ಆಗುತ್ತದೆ. ಕಂತಿನ ರೂಪದಲ್ಲಿಯೇ ಪಡೆಯಬೇಕೆಂದು ನಾನು ಒತ್ತಿ ಹೇಳುತ್ತೇನೆ. ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಬಗೆಯದಾದರೆ ಹನ್ನೊಂದು ತಿಂಗಳು ಹಾಯಾಗಿ ಕಂಡು, ಹನ್ನೆರಡನೆಯ ತಿಂಗಳು ಒಡವೆ ಹರಾಜಿನ ನೋಟಿಸ್ ಬರುವ ಸ್ಥಿತಿ ಎದುರಾಗುತ್ತದೆ. ಕಾರ್ಡಿನ ಬಾಕಿ ತೀರಿದ ದಿನವೇ ಕಾರ್ಡನ್ನು ರದ್ದು ಮಾಡಿಸಬೇಕು. ಇದನ್ನು ಮಾಡದವರ ಮನೆಯಲ್ಲಿ ವರ್ಷದೊಳಗೆ ಒಡವೆಯೂ ಅಡವಿನಲ್ಲಿರುತ್ತದೆ, ಕಾರ್ಡೂ ತುಂಬಿರುತ್ತದೆ.

ಇಲ್ಲಿ ಒಂದು ಮಾತು ಗಂಡಂದಿರಿಗೆ. ತವರಿನಿಂದ ಬಂದ ಒಡವೆ ಸ್ತ್ರೀಧನ. ಅದು ಪತ್ನಿಯ ಸಂಪೂರ್ಣ ಸ್ವತ್ತು. ಕಷ್ಟಕಾಲದಲ್ಲಿ ಪತಿ ಅದನ್ನು ಬಳಸಿಕೊಂಡರೂ ಆ ಒಡವೆಯನ್ನೋ ಅದರ ಮೌಲ್ಯವನ್ನೋ ಹಿಂದಿರುಗಿಸುವ ನೈತಿಕ ಹೊಣೆ ಅವನದೆಂದು ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಅಡವಿಡುವ ತೀರ್ಮಾನ ಆಕೆಯದಾಗಿರಬೇಕು, ಸಾಲದ ಖಾತೆ ಆಕೆಯ ಹೆಸರಿನಲ್ಲಿರಬೇಕು, ಮನೆಯ ಲೆಕ್ಕದ ಪುಸ್ತಕದಲ್ಲಿ ಅದನ್ನು ಆಕೆಗೆ ಕೊಡಬೇಕಾದ ಸಾಲವೆಂದೇ ಬರೆಯಬೇಕು. ‘ಮನೆಯದ್ದು ತಾನೆ’ ಎಂದು ಸುಮ್ಮನಾಗಿ ಒಡವೆ ಕಳೆದುಕೊಂಡ ಹೆಂಗಸರು ನನ್ನ ಮುಂದೆ ಕೂತು ಅತ್ತಿದ್ದಾರೆ.

ಗೃಹಸಾಲದ ಅವಧಿಯನ್ನು ಹೆಚ್ಚಿಸಿಕೊಳ್ಳಿ ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ. ಲೆಕ್ಕ ಹಾಕಿ ನೋಡಿದರೆ ಈ ಕುಟುಂಬಕ್ಕೆ ಅದು ತಕ್ಕುದಾಗಿರಲಿಲ್ಲ. ಇಪ್ಪತ್ತು ವರ್ಷವನ್ನು ಇಪ್ಪತ್ತೈದಕ್ಕೆ ಏರಿಸಿದರೆ ಕಂತು 20,830ರಿಂದ 19,325ಕ್ಕೆ ಇಳಿಯುತ್ತದೆ, ಅಂದರೆ ತಿಂಗಳಿಗೆ ಉಳಿಯುವುದು 1,500 ರೂಪಾಯಿ. ಒಟ್ಟು ಕಟ್ಟುವ ಹಣ ಮಾತ್ರ ಸುಮಾರು 8 ಲಕ್ಷ ಹೆಚ್ಚುತ್ತದೆ. ವೈಯಕ್ತಿಕ ಸಾಲದ ಮಾತು ಬೇರೆ. ಅದನ್ನು 36 ತಿಂಗಳಿನಿಂದ 60 ತಿಂಗಳಿಗೆ ಹಿಗ್ಗಿಸಿದರೆ ಕಂತು 10,250ರಿಂದ 6,980ಕ್ಕೆ ಬರುತ್ತದೆ. ಹೆಚ್ಚುವರಿ ಬಡ್ಡಿ 50,000ದಷ್ಟಾದರೂ, ತಿಂಗಳಿಗೆ 3,270 ರೂಪಾಯಿ ಬಿಡುವು ಸಿಗುತ್ತದೆ. ಕೆಟ್ಟ ಕಾಲದಲ್ಲಿ ಈ ಬಿಡುವಿಗೆ ಆ ಬೆಲೆ ತೆರುವುದು ಸರಿಯೆಂದು ನಾನು ತಿಳಿಯುತ್ತೇನೆ. ಹೀಗೆ ಮೂರು ಕಂತು ಸೇರಿ 33,600ರ ಹತ್ತಿರ ನಿಂತವು. ಸಂಬಳದಲ್ಲಿ 12,400 ರೂಪಾಯಿ ಕೈಯಲ್ಲಿ ಉಳಿಯಿತು. ಬಿಗಿಯೇ ಸರಿ, ಆದರೆ ಹೊಸ ಸಾಲ ಮಾಡದೆ ದಿನಸಿ ತರಬಹುದು, ಔಷಧಿ ಕೊಳ್ಳಬಹುದು.

ಕಂತು ಬದಲಾವಣೆ ಬ್ಯಾಂಕಿನ ಹಕ್ಕಿಗೆ ಬಿಟ್ಟದ್ದು. ಅದನ್ನು ಕೇಳುವ ಕಾಲ ಮಾತ್ರ ನಮ್ಮ ಕೈಯಲ್ಲಿದೆ. ಕಂತು ತಪ್ಪಿ 90 ದಿನ ಕಳೆದರೆ ಖಾತೆ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಗೃಹಸಾಲವಾದರೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ಕೋರ್ಟಿಗೆ ಹೋಗದೆಯೇ ವಶಪಡಿಸಿಕೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸ್ ಬರುತ್ತದೆ, ಅದರ ಮುಂದಿನ ಹೆಜ್ಜೆ ಮನೆಯ ಸ್ವಾಧೀನ. ಸಾಲಗಳ ಸಾಲಿನಲ್ಲಿ ಗೃಹಸಾಲದ ಕಂತು ಎಂದೂ ತಪ್ಪಬಾರದೆಂದು ನಾನು ಹೇಳುವುದು ಇದಕ್ಕಾಗಿ. ಒಂದು ಕಂತೂ ತಪ್ಪುವ ಮೊದಲು ಶಾಖೆಗೆ ಹೋಗಿ, ಕೆಲಸ ಹೋದ ಪತ್ರವನ್ನೋ ವೈದ್ಯರ ಚೀಟಿಯನ್ನೋ ಲಗತ್ತಿಸಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಹಿಂಬರಹ ಬಾರದಿದ್ದರೆ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು; ಅದಕ್ಕೂ ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ನೀಡಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ನು ಪತಿಯ ವಿಷಯ. ಇಂಥ ಮನೆಗಳಲ್ಲಿ ದುಡಿಯುವವರು ಎಲ್ಲವನ್ನೂ ತಾವೇ ಹೊತ್ತು, ‘ಅವರಿಗೆ ಹೇಳಿ ಇನ್ನಷ್ಟು ನೋಯಿಸುವುದು ಬೇಡ’ ಎಂದುಕೊಳ್ಳುತ್ತಾರೆ. ಕಳಕಳಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಮುಚ್ಚಿಟ್ಟ ಲೆಕ್ಕವನ್ನು ಇನ್ನೊಬ್ಬರು ಊಹಿಸುತ್ತಾರೆ, ಮತ್ತು ಕುಗ್ಗಿದ ಮನಸ್ಸಿನ ಊಹೆ ನಿಜಕ್ಕಿಂತ ಯಾವಾಗಲೂ ಭೀಕರವಾಗಿರುತ್ತದೆ. ನಾನು ಆ ಶಿಕ್ಷಕಿಗೆ ಹೇಳಿದ್ದು ಹೀಗೆ: ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅರ್ಧ ಗಂಟೆ ಇಬ್ಬರೂ ಲೆಕ್ಕಕ್ಕೆ ಕೂರಿ, ಉಳಿದ ಆರು ದಿನ ಹಣದ ಮಾತು ಎತ್ತಬೇಡಿ, ಲೆಕ್ಕದ ಪುಸ್ತಕ ಬರೆಯುವ ಕೆಲಸ ಪೂರ್ತಿ ಯಜಮಾನರದ್ದಾಗಿರಲಿ. ಕಾರ್ಖಾನೆಯಲ್ಲಿ ಸ್ಟಾಕ್ ರಿಜಿಸ್ಟರ್ ಇಟ್ಟ ಅನುಭವ ಅವರಿಗಿತ್ತು. ಮೂರನೆಯ ವಾರ ಅವರೇ ಮರೆತುಹೋಗಿದ್ದ ಒಂದು ವಿಮಾ ಪ್ರೀಮಿಯಂ ಮತ್ತು ಎರಡು ಆ್ಯಪ್‌ಗಳ ಮಾಸಿಕ ಕಡಿತವನ್ನು ಪತ್ತೆ ಮಾಡಿ, ಬೇಡದ್ದನ್ನು ನಿಲ್ಲಿಸಿದರು. ಉಳಿದ ಹಣಕ್ಕಿಂತ ಹೆಚ್ಚಿನದು ಅವರು ಮತ್ತೆ ಮೇಜಿಗೆ ಬಂದು ಕೂತದ್ದು.

ವಸೂಲಿಯವರ ಫೋನ್ ಕರೆಗಳನ್ನು ಮಾತ್ರ ಖಿನ್ನತೆಯಲ್ಲಿರುವವರ ಪಾಲಿಗೆ ಬಿಡಬಾರದು. ರಿಸರ್ವ್ ಬ್ಯಾಂಕಿನ ನಿಯಮದಂತೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಏಜೆಂಟರು ಕರೆ ಮಾಡುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರಿಷ್ಟರ ಮುಂದೆ ಅವಮಾನ ಮಾಡುವಂತಿಲ್ಲ. ‘ಹೆಂಡತಿ ಅಲ್ವೇನಮ್ಮ, ನೀವೇ ಕಟ್ಟಬೇಕು’ ಎಂಬ ಮಾತಿಗೂ ಕಾನೂನಿನ ಬಲವಿಲ್ಲ. ಸಹ-ಸಾಲಗಾರರಾಗಿ ಅಥವಾ ಜಾಮೀನುದಾರರಾಗಿ ಸಹಿ ಹಾಕದ ಹೊರತು ಪತಿಯ ಕಾರ್ಡಿನ ಸಾಲಕ್ಕೆ ಪತ್ನಿ ಹೊಣೆಯಲ್ಲ. ಪತ್ನಿಯ ಸಾಲಕ್ಕೆ ಪತಿಯೂ ಅಷ್ಟೇ. ಕಟ್ಟುವುದು ಅವರ ಒಪ್ಪಿಗೆಯ ವಿಷಯ, ಬೆದರಿಕೆಯ ವಿಷಯವಲ್ಲ. ಕಷ್ಟದಲ್ಲಿರುವಾಗ ಹೊಸದಾಗಿ ಯಾವ ಕಾಗದಕ್ಕೂ ಸಹಿ ಹಾಕುವ ಮುನ್ನ ಇದು ನೆನಪಿರಲಿ: ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಪೂರ್ತಿಯಾದದ್ದು.

ಚಿಕಿತ್ಸೆಯ ಖರ್ಚನ್ನು ನಾನು ಎಲ್ಲ ಕಂತುಗಳಿಗಿಂತ ಮೇಲೆ, ದಿನಸಿಯ ಪಕ್ಕದಲ್ಲಿ ಬರೆಸುತ್ತೇನೆ. ಕಂತು ಒಂದು ತಿಂಗಳು ತಡವಾದರೆ ದಂಡ ಕಟ್ಟಬಹುದು. ಔಷಧಿ ನಿಂತರೆ ಎರಡನೆಯ ಸಂಬಳ ಮರಳುವ ದಾರಿಯೇ ಮುಚ್ಚಿಹೋಗುತ್ತದೆ. ಖರ್ಚಿನ ಭಯವಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲಿಯೂ ಸಿಗುತ್ತದೆ. ಜೀವ ಬೇಡವೆಂಬ ಮಾತು ಬಾಯಿಂದ ಒಮ್ಮೆ ಬಂದರೂ ಅಂದೇ ಕರೆ ಮಾಡಬೇಕು, ಅವರನ್ನು ಒಬ್ಬರನ್ನೇ ಬಿಡಬಾರದು. ಸಾಲದ ಲೆಕ್ಕ ಆಮೇಲೆ.

ಸಾಲದ ಮೂಲ ಆನ್‌ಲೈನ್ ಜೂಜು ಅಥವಾ ಕುಡಿತವಾಗಿದ್ದರೆ ಕ್ರಮ ಬೇರೆ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದ್ದರೂ, ಬೇರೆ ದಾರಿಗಳಲ್ಲಿ ಅದು ನಡೆಯುತ್ತಲೇ ಇದೆ. ಅಂಥಲ್ಲಿ ಲೆಕ್ಕದ ಪುಸ್ತಕ ಅವರ ಕೈಗೆ ಕೊಡಬಹುದು, ಹಣ ಕೊಡಬಾರದು. ಸಂಬಳದ ಖಾತೆ ಬೇರೆಯಾಗಿರಲಿ, ಯುಪಿಐ ಪಿನ್ ಬದಲಾಗಲಿ, ಚಿಕಿತ್ಸೆ ಆರಂಭವಾಗುವವರೆಗೆ ಹಳೆಯ ಸಾಲ ತೀರಿಸಲು ಒಡವೆ ಅಡವಿಡುವುದು ಬೇಡ. ನಿಜವಾದ ಬಾಕಿ ಎಷ್ಟೆಂದು ತಿಳಿಯಲು ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್ ಮತ್ತಿತರ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನು ಅವರ ಒಪ್ಪಿಗೆಯಿಂದ, ಅವರ ಎದುರಿನಲ್ಲಿಯೇ ತೆಗೆದು ನೋಡಿ. ಮೀಟರ್ ಬಡ್ಡಿಯ ಕೈಸಾಲಗಳು ಅದರಲ್ಲಿ ಕಾಣುವುದಿಲ್ಲ, ಅವನ್ನು ಕೇಳಿಯೇ ತಿಳಿಯಬೇಕು.

ಎರಡನೆಯ ದುಡಿಮೆ ಮತ್ತೆ ಆರಂಭವಾದಾಗ ಆತುರ ಬೇಡ. ಆ ಶಿಕ್ಷಕಿಯ ಪತಿ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ದಿನದ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿ 12,000 ತರತೊಡಗಿದಾಗ, ಮೊದಲ ಮೂರು ತಿಂಗಳ ಹಣವನ್ನು ಮುಟ್ಟದೆ ಪ್ರತ್ಯೇಕ ಉಳಿತಾಯ ಖಾತೆಯಲ್ಲಿಡಲು ಹೇಳಿದೆ, ಏಕೆಂದರೆ ಚೇತರಿಕೆಯ ನಡುವೆ ಕೆಲಸ ಮತ್ತೆ ತಪ್ಪುವುದುಂಟು. ನಂತರ ವೈಯಕ್ತಿಕ ಸಾಲ, ಆಮೇಲೆ ಒಡವೆ, ಜೊತೆಯಲ್ಲಿ ಅಣ್ಣನಿಗೆ ತಿಂಗಳಿಗೆ 2,000. ವೈಯಕ್ತಿಕ ಸಾಲವನ್ನು ಅವಧಿಗೆ ಮುಂಚೆ ತೀರಿಸುವವರು ಮುಂಗಡ ಪಾವತಿಯ ಶುಲ್ಕ ಎಷ್ಟೆಂದು ಸಾಲದ ಪತ್ರದಲ್ಲಿ ನೋಡಿಕೊಳ್ಳಬೇಕು. ಮನೆವಾಸಕ್ಕಾಗಿ ವ್ಯಕ್ತಿಗಳು ಪಡೆದ ಬದಲಾಗುವ ಬಡ್ಡಿಯ ಗೃಹಸಾಲಕ್ಕೆ ಅಂಥ ಶುಲ್ಕ ವಿಧಿಸುವಂತಿಲ್ಲ; ಆದರೆ ಅಲ್ಲಿ ಹೆಚ್ಚುವರಿ ಹಣ ಕಟ್ಟುವಾಗ ಕಂತು ಇಳಿಸಬೇಕೋ ಅವಧಿ ಇಳಿಸಬೇಕೋ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಒಬ್ಬರ ಆರೋಗ್ಯ ಇನ್ನೂ ಪೂರ್ತಿ ಸುಧಾರಿಸದ ಮನೆಗೆ ನಾನು ಕಂತು ಇಳಿಸಿಕೊಳ್ಳಿ ಎಂದೇ ಹೇಳುತ್ತೇನೆ.