ಮಠದೊಳಗಿನ ಕಾರ್ಮೆಲ್ ಶಾಲೆಗೆ ಬಂದ ಬಗೆ

ಮಂಗಳೂರಿನ ಸಂತ ಆಗ್ನೆಸ್, ಬೆಂಗಳೂರಿನ ಮೌಂಟ್ ಕಾರ್ಮೆಲ್, ಪಟ್ನಾದ ವಿಮೆನ್ಸ್ ಕಾಲೇಜು. ಈ ಮೂರು ಕಾಲೇಜುಗಳ ಹಿಂದೆ ಇರುವುದು ಕ್ಯಾಥೊಲಿಕ್ ಸನ್ಯಾಸಿನಿಯರ ಒಂದೇ ಸಭೆ (ಸಂಘ), ಅಪೊಸ್ತಲಿಕ್ ಕಾರ್ಮೆಲ್. ಈ ಸಿಸ್ಟರ್‌ಗಳ ಕೈಯಲ್ಲಿ ಕಲಿತ ಎಷ್ಟೋ ಜನರಿಗೆ ಸಭೆಯ ಹೆಸರೇ ನೆನಪಿರುವುದಿಲ್ಲ. ಆದರೆ ನೂರೈವತ್ತು ವರ್ಷಗಳ ಹಿಂದೆ ಈ ಹೆಸರು ಕೇಳಿದ ಕ್ಯಾಥೊಲಿಕರು ಹುಬ್ಬೇರಿಸುತ್ತಿದ್ದರು. ಕಾರ್ಮೆಲ್ ಸಿಸ್ಟರ್‌ಗಳು ಅಂದರೆ ಪ್ರಾರ್ಥನೆಗೆಂದೇ ಬಾಳುವ, ಮಠದಿಂದ ಹೊರಗೇ ಬರದ ಸನ್ಯಾಸಿನಿಯರು. ಅಂಥವರು ಶಾಲೆ ನಡೆಸುವುದು ಹೇಗೆ?

ಇದಕ್ಕೆ ಹಳೆಯ ಕಥೆಯಿದೆ. ವ್ರತ ತೊಟ್ಟ ಸ್ತ್ರೀಯರು ಮಠದೊಳಗೇ ಇರಬೇಕೆಂದು 1298ರಲ್ಲಿ ಪೋಪ್ 8ನೇ ಬೊನಿಫಾಸ್ ಆಜ್ಞೆ ಹೊರಡಿಸಿದರು. 1563ರಲ್ಲಿ ಟ್ರೆಂಟ್ ಊರಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಅದನ್ನು ಮತ್ತೆ ಬಿಗಿ ಮಾಡಿತು. ಮೂರು ವರ್ಷದ ಬಳಿಕ ಪೋಪ್ 5ನೇ ಪಯಸ್ ಯಾರಿಗೂ ವಿನಾಯಿತಿ ಇಲ್ಲ ಎಂದುಬಿಟ್ಟರು. ಆವಿಲಾದ ಸಂತ ತೆರೇಸಾ ಸ್ಪೇನಿನಲ್ಲಿ ಕಾರ್ಮೆಲ್ ಮಠಗಳನ್ನು ಸುಧಾರಿಸಿದ್ದೂ ಇದೇ ಕಾಲದಲ್ಲಿ. ಅಲ್ಲಿ ಭೇಟಿಗೆ ಬಂದ ಹೆತ್ತವರೂ ಕಬ್ಬಿಣದ ಸರಳುಗಳ ಈಚೆ ಕೂತೇ ಮಾತಾಡಬೇಕು. ದಿನಸಿ, ಕಾಗದಪತ್ರ ಒಳಗೆ ಹೋಗುವುದು ಗೋಡೆಯಲ್ಲಿ ಕೂರಿಸಿದ, ತಿರುಗುವ ಮರದ ಪೆಟ್ಟಿಗೆಯ ಮೂಲಕ. ಹೊರಗಿನವರು ಸಾಮಾನು ಇಟ್ಟು ತಿರುಗಿಸುತ್ತಾರೆ, ಒಳಗಿನವರು ತೆಗೆದುಕೊಳ್ಳುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಇಂಥ ಕಡೆ ಬೆಂಚು, ಕರಿಹಲಗೆ ಹಾಕುವ ಮಾತೆಲ್ಲಿ ಬಂತು!

ಆ ಮಾತು ತೆಗೆದವರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಇಂದಿನ ಇಸ್ತಾಂಬುಲ್ ಆದ ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ ಪಾದ್ರಿ. ಸೋಫಿ 1850ರಲ್ಲಿ ಮಾಲ್ಟಾದಲ್ಲಿ ಕ್ಯಾಥೊಲಿಕ್ ಆದರು. ಮರುವರ್ಷವೇ ಸಂತ ಜೋಸೆಫರ ಹೆಸರಿನ ಫ್ರೆಂಚ್ ಸಭೆಯೊಂದಕ್ಕೆ ಸೇರಿ ಮದರ್ ವೆರೋನಿಕಾ ಆದರು. ಆ ಸಭೆಯ ಕೆಲಸದ ಮೇಲೆಯೇ ಕಲ್ಲಿಕೋಟೆಗೆ ಬಂದರು. ಪಶ್ಚಿಮ ಕರಾವಳಿಯಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುವವರು ತೀರಾ ಕಡಿಮೆ ಅನ್ನುವುದನ್ನು ಕಣ್ಣಾರೆ ಕಂಡದ್ದು ಆಗ. ಮುಂದೆ ಮಂಗಳೂರು ಪ್ರಾಂತ್ಯದ ಬಿಷಪ್ ಆದ, ಕಾರ್ಮೆಲ್ ಪರಂಪರೆಯ ಪಾದ್ರಿ ಮರಿ ಎಫ್ರೆಮ್ ಅವರಿಗೂ ಅದೇ ಚಿಂತೆ. ಇಬ್ಬರೂ ಸೇರಿ ಒಂದು ದಾರಿ ಹುಡುಕಿದರು. ಪ್ರಾರ್ಥನೆ ಕಾರ್ಮೆಲಿನದ್ದೇ ಇರಲಿ, ಕಬ್ಬಿಣದ ಸರಳು ಬೇಡ, ಕೆಲಸ ಶಾಲೆಯದ್ದಾಗಲಿ. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಶುರುವಾಯಿತು.

1870ರಲ್ಲಿ ಮಂಗಳೂರಿಗೆ ಹೊರಟ ತಂಡ ನೋಡಿದರೆ ಮಜಾ ಅನ್ನಿಸುತ್ತದೆ. ಎರಡೂ ಬಗೆಯ ಕಾರ್ಮೆಲ್ ಸಿಸ್ಟರ್‌ಗಳು ಒಟ್ಟಿಗೇ ಹೊರಟಿದ್ದರು. ಮಂಗಳೂರಲ್ಲೂ ಒಂದು ಮುಚ್ಚಿದ ಮಠ ಇರಲಿ ಎಂದು ಬಿಷಪ್ ಬಯಸಿದ್ದರು, ಅದಕ್ಕೆ ಕೆಲವರು. ಶಾಲೆಗೆ ಮೂವರು, ಅವರಿಗೆ ಮದರ್ ಮರಿ ದೆ ಜಾಂಜ್ ಮುಖ್ಯಸ್ಥೆ. ಸೂಯೆಜ್ ಕಾಲುವೆ ತೆರೆದು ಇನ್ನೂ ವರ್ಷ ತುಂಬಿರಲಿಲ್ಲ. ಪ್ರಯಾಣ ತುಂಬಾ ಕಷ್ಟದ್ದಾಯಿತು. ಮಠಕ್ಕೆಂದು ಹೊರಟವರಲ್ಲಿ ಮೂವರು ಮಂಗಳೂರು ಮುಟ್ಟಲೇ ಇಲ್ಲ, ನಡುವೆಯೇ ತೀರಿಕೊಂಡರು. ಉಳಿದವರು ನವೆಂಬರ್ 19ರಂದು ಮಂಗಳೂರಿಗೆ ಕಾಲಿಟ್ಟರು. ಅವರಲ್ಲಿ ಪ್ಯಾಲೆಸ್ತೀನಿನ ಗಲಿಲಾಯದ ಹಳ್ಳಿಯೊಂದರ ಅರಬ್ ಹುಡುಗಿ ಮರಿಯಂ ಬವಾರ್ದಿಯೂ ಇದ್ದರು. ಮರುವರ್ಷ ಅವರು ವ್ರತ ತೊಟ್ಟದ್ದು ಮಂಗಳೂರಲ್ಲೇ. 1872ರಲ್ಲಿ ಫ್ರಾನ್ಸಿಗೆ ವಾಪಸ್ ಹೋದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಸಾರಿದರು.

ಶಾಲೆಯ ಮೂವರು ಸಂತ ಆನ್ಸ್ ಕಾನ್ವೆಂಟಿನಲ್ಲಿ ಕೆಲಸ ಹಿಡಿದರು. ಹೆಚ್ಚು ದಿನ ಕಳೆಯುವ ಮೊದಲೇ ಆಸರೆ ತಪ್ಪಿತು. 1873ರಲ್ಲಿ ಬಿಷಪ್ ತೀರಿಕೊಂಡರು. ಅದೇ ವರ್ಷ ಬಯೋನ್‌ನ ಕಾನ್ವೆಂಟೂ ಮುಚ್ಚಿತು. ಫ್ರಾನ್ಸಿನಿಂದ ತರಬೇತಾದ ಸಿಸ್ಟರ್‌ಗಳು ಬರುವ ದಾರಿ ನಿಂತೇಹೋಯಿತು. ಸ್ಥಾಪಕಿ ಮದರ್ ವೆರೋನಿಕಾ ಶಾಲೆಗೆಂದು ಯಾವುದನ್ನು ಬೇಡವೆಂದಿದ್ದರೋ ಅದೇ ಮುಚ್ಚಿದ ಕಾರ್ಮೆಲಿಗೆ ಸೇರಿದರು. ಮತ್ತೆ ಭಾರತಕ್ಕೆ ಬರಲಿಲ್ಲ. 1906ರಲ್ಲಿ ಫ್ರಾನ್ಸಿನ ಪೋ ಊರಿನ ಮಠದಲ್ಲಿ ತೀರಿಕೊಂಡರು. ಸಭೆ ಬದುಕಿದ್ದು ಮಂಗಳೂರಲ್ಲಿ ಉಳಿದವರಿಂದ, ಆಮೇಲೆ ಇಲ್ಲಿನ ಮನೆಗಳಿಂದಲೇ ಸೇರಿದ ಹೆಣ್ಣುಮಕ್ಕಳಿಂದ. ತವರು ಮುಚ್ಚಿದ್ದರಿಂದಲೇ ಇದು ಬೇಗ ಈ ನೆಲದ್ದಾಯಿತು ಅಂತ ನನಗನ್ನಿಸುತ್ತದೆ.

ಇಷ್ಟಾದರೂ ರೋಮ್ ಇಂಥ ಸಭೆಗಳನ್ನು ಪೂರ್ತಿ ಒಪ್ಪಿಕೊಂಡಿರಲಿಲ್ಲ. ಹೊರಗೆ ಓಡಾಡಿ ಪಾಠ ಹೇಳುವ, ರೋಗಿಗಳನ್ನು ನೋಡುವ ಸಿಸ್ಟರ್‌ಗಳ ಸಭೆಗಳಿಗೆ ಚರ್ಚಿನ ಕಾನೂನಿನಲ್ಲಿ ಸರಿಯಾದ ಜಾಗ ಸಿಕ್ಕಿದ್ದು 1900ರಲ್ಲಿ, ಪೋಪ್ 13ನೇ ಲಿಯೋ ಆಜ್ಞೆಯಿಂದ. ಅಷ್ಟರಲ್ಲಿ ಮಂಗಳೂರಲ್ಲಿ ಪಾಠ ಶುರುವಾಗಿ 30 ವರ್ಷ ಆಗಿತ್ತು. ಕಾನೂನು ಬರಲಿ ಅಂತ ಕಾದಿದ್ದರೆ ಕಥೆ ಮುಗಿದಂತೆಯೇ ಅಲ್ವಾ?

ಮುಂದಿನ ತೊಡಕು ಬೇರೆ ಥರದ್ದು. ಹುಡುಗಿಯರು ಶಾಲೆ ಮುಗಿಸಿದರು, ಸರಿ. ಮುಂದೇನು? ಮಂಗಳೂರಲ್ಲಿ ಹುಡುಗರಿಗೆ 1880ರಿಂದಲೇ ಸಂತ ಅಲೋಶಿಯಸ್ ಕಾಲೇಜು ಇತ್ತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಹುಡುಗಿಯರ ಕಾಲೇಜು ಬೇಕೆಂದರೆ ಮದರಾಸಿನಂಥ ದೂರದ ಊರಿನ ಕಡೆಗೇ ನೋಡಬೇಕು. ಮಗಳನ್ನು ಅಷ್ಟು ದೂರ ಕಳಿಸುವ ಮನೆ ಎಷ್ಟಿದ್ದೀತು? 1921ರಲ್ಲಿ ಮದರ್ ಅಲೋಶಿಯಾ ಮಂಗಳೂರಿನ ಬೆಂದೂರಿನಲ್ಲಿ ಸಂತ ಆಗ್ನೆಸ್ ಕಾಲೇಜು ತೆರೆದರು. 1940ರಲ್ಲಿ ಪಟ್ನಾ. 1944ರಲ್ಲಿ ತ್ರಿಶೂರಿನಲ್ಲಿ ಶುರುವಾದ ಕಾಲೇಜು 1948ರಲ್ಲಿ ಬೆಂಗಳೂರಿಗೆ ಬಂದು ಮೌಂಟ್ ಕಾರ್ಮೆಲ್ ಆಯಿತು. 1952ರಲ್ಲಿ ಕಲ್ಲಿಕೋಟೆಯ ಪ್ರಾವಿಡೆನ್ಸ್, 1964ರಲ್ಲಿ ಗೋವಾದ ಕಾರ್ಮೆಲ್ ಕಾಲೇಜು.

ಆದರೆ ಕಾಲೇಜುಗಳ ಪಟ್ಟಿ ನೋಡಿ ಎಲ್ಲರಿಗೂ ಅಕ್ಷರ ಸಿಕ್ಕಿತು ಅಂದುಕೊಳ್ಳಬಾರದು. ಇಂಗ್ಲಿಷ್ ಕಾಲೇಜಿನ ಮೆಟ್ಟಿಲು ಹತ್ತುವಷ್ಟು ಓದಿದವರು, ಅನುಕೂಲ ಇದ್ದವರು ಆಗ ಬೆರಳೆಣಿಕೆಯವರು. ಸಂತ ಆಗ್ನೆಸ್ ತೆರೆದ ವರ್ಷವೇ, ಅದೇ ಬೆಂದೂರಿನಲ್ಲಿ, ಕಾರ್ಮೆಲ್ ಮಾತೆಯ ಹಬ್ಬದ ಜುಲೈ 16ರಂದೇ ಇನ್ನೊಂದು ಸಭೆ ಹುಟ್ಟಿತು. ಚರ್ಚಿನ ಗುರು ರೇಮಂಡ್ ಮಸ್ಕರೇನ್ಹಸ್ ಊರಿನ ನಾಲ್ವರು ಯುವತಿಯರನ್ನು ಸೇರಿಸಿ ಬೆಥನಿ ಸಭೆ ಕಟ್ಟಿದರು. ಹಳ್ಳಿಯ ಚರ್ಚುಗಳ ಪಕ್ಕದ ಕನ್ನಡ ಶಾಲೆಗಳಿಗೆ ಟೀಚರುಗಳು ಬೇಕಾಗಿದ್ದರು. ಬೆಥನಿಯವರು ಮೊದಲು ಹೋದದ್ದು ಅಲ್ಲಿಗೆ.