ಆಟಿಟ್ಯೂಡ್ ಅಂದ್ರೆ ಜಂಬ ಅಲ್ಲ ಕಣ್ರೀ

"ಅವನಿಗೆ ಸಿಕ್ಕಾಪಟ್ಟೆ ಆಟಿಟ್ಯೂಡ್ ಕಣೋ" ಅಂತೀವಲ್ಲ, ಅದು ಜಂಬ. ಸೈಕಾಲಜಿಯವರು ಹೇಳೋ ಆಟಿಟ್ಯೂಡೇ ಬೇರೆ. ಹಾಗಲಕಾಯಿ ಇರ್ಲಿ, ರಾಜಕೀಯ ಪಕ್ಷ ಇರ್ಲಿ, ಪಕ್ಕದ ಮನೆಯವರಿರ್ಲಿ, ನೆನೆಸ್ಕೊಂಡ ತಕ್ಷಣ ಮನಸ್ಸು ಬೇಕು ಅಂತಲೋ ಬೇಡ ಅಂತಲೋ ಒಂದು ಕಡೆ ವಾಲುತ್ತಲ್ಲ, ಅದು. ಕನ್ನಡದಲ್ಲಿ ಮನೋಭಾವ ಅಂತಾರೆ. ಇದನ್ನ ಅಳೀಬಹುದು ಅಂತ 1928ರಲ್ಲೇ ಥರ್ಸ್ಟನ್ ಅನ್ನೋ ಸೈಕಾಲಜಿಸ್ಟ್ ಬರೆದಿದ್ರು, 1932ರಲ್ಲಿ ಲೈಕರ್ಟ್ ಅನ್ನೋ ಇನ್ನೊಬ್ರು ಕೊಟ್ಟ ಐದು ಮೆಟ್ಟಿಲಿನ ಅಳತೆ ('ಪೂರ್ತಿ ಒಪ್ತೀನಿ'ಯಿಂದ 'ಒಪ್ಪೋದೇ ಇಲ್ಲ'ದವರೆಗೆ) ಇವತ್ತಿಗೂ ಫೀಡ್‌ಬ್ಯಾಕ್ ಫಾರ್ಮ್‌ಗಳಲ್ಲಿದೆ.

ಆಮೇಲೆ 1934ರಲ್ಲಿ ಲಾಪಿಯರ್ ಅನ್ನೋ ಅಮೆರಿಕದ ಸಮಾಜಶಾಸ್ತ್ರಜ್ಞರ ಲೇಖನ ಬಂತು ನೋಡಿ. ಆಗ ಅಮೆರಿಕದಲ್ಲಿ ಚೀನೀಯರು ವಲಸೆ ಬರದ ಹಾಗೆ ತಡೆಯೋ ಕಾನೂನೇ ಇತ್ತು, ಅಂಥ ಕಾಲದಲ್ಲಿ ಇವರು ಒಬ್ಬ ಚೀನೀ ಯುವಕ ಮತ್ತೆ ಅವನ ಹೆಂಡ್ತಿ ಜೊತೆ ಕಾರಲ್ಲಿ ಊರೂರು ಸುತ್ತಿದ್ರು, ಊಟಕ್ಕೆ ವಸತಿಗೆ ಅಂತ 251 ಕಡೆ ಹೋದ್ರು, ಆಗಲ್ಲ ಅಂತ ವಾಪಸ್ ಕಳಿಸಿದ್ದು ಒಂದೇ ಒಂದು ಕಡೆ! ಆರು ತಿಂಗಳು ಬಿಟ್ಟು ಅದೇ ಜಾಗಗಳಿಗೆ ಕಾಗದ ಬರೆದು 'ಚೀನೀ ಜನಾಂಗದವರನ್ನ ಸೇರಿಸ್ಕೊಳ್ತೀರಾ' ಅಂತ ಕೇಳಿದ್ರೆ, ಉತ್ತರ ಕೊಟ್ಟ 128 ಕಡೆಯವರಲ್ಲಿ 90%ಗಿಂತ ಜಾಸ್ತಿ ಜನ ಇಲ್ಲ ಅಂದ್ರು.

ಇದನ್ನ ಓದಿ 'ಜನ ಹೇಳೋದೊಂದು ಮಾಡೋದೊಂದು, ಮನೋಭಾವ ಅಳೆಯೋದೇ ದಂಡ' ಅನ್ನೋರನ್ನ ಕಂಡ್ರೆ ನನಗೆ ತಡೆಯಕ್ಕಾಗಲ್ಲ. ಕೇಳಿದ ಪ್ರಶ್ನೆ ಏನು ಅಂತ ನೋಡಿ ಸ್ವಾಮಿ. 'ಸಿಹಿ ಇಷ್ಟಾನಾ' ಅಂತ ಕೇಳಿ, ನಾಳೆ ಮದುವೆ ಮನೇಲಿ ಎರಡನೇ ಹೋಳಿಗೆ ಹಾಕಿಸ್ಕೊಳ್ತಾರಾ ಅಂತ ಹೇಳಕ್ಕಾಗುತ್ತಾ? ಅಕ್ಕಿ ಮೂಟೆ ತೂಗೋ ತಕ್ಕಡೀಲಿ ಕೇಸರಿ ತೂಗಿದ ಹಾಗೆ, ಜಿಲ್ಲೆ ಮ್ಯಾಪ್ ಹಿಡ್ಕೊಂಡು ಓಣಿಯಲ್ಲಿ ಮನೆ ಹುಡುಕಿದ ಹಾಗೆ. ನಡತೆ ಎಷ್ಟು ಖಚಿತವೋ ಪ್ರಶ್ನೆನೂ ಅಷ್ಟೇ ಖಚಿತ ಇರ್ಬೇಕು ಅಂತ ಫಿಶ್‌ಬೈನ್, ಐಜನ್ ಅನ್ನೋ ಸೈಕಾಲಜಿಸ್ಟ್‌ಗಳಿಬ್ರೂ ವರ್ಷಗಟ್ಟಲೆ ಹೇಳಿದ್ರು. 1979ರಲ್ಲಿ ಡೇವಿಡ್‌ಸನ್, ಜಕಾರ್ಡ್ ಅನ್ನೋ ಸಂಶೋಧಕರು ಇದನ್ನ ಅಂಕಿಯಲ್ಲೇ ತೋರಿಸಿದ್ರು: ಹೆಂಗಸರಿಗೆ 'ಗರ್ಭನಿರೋಧದ ಬಗ್ಗೆ ಏನಂತೀರಾ' ಅಂತ ಕೇಳಿದಾಗ ಬಂದ ಉತ್ತರಕ್ಕೂ ಅವರು ನಿಜವಾಗಿ ಮಾತ್ರೆ ತಗೊಂಡಿದ್ದಕ್ಕೂ ಇದ್ದ ನಂಟು ಬರೀ 0.08, 'ಮುಂದಿನ ಎರಡು ವರ್ಷ ಮಾತ್ರೆ ತಗೊಳ್ಳೋದರ ಬಗ್ಗೆ' ಅಂತ ಕೇಳಿದಾಗ 0.57. ಪೂರ್ತಿ ಹೊಂದಿದ್ರೆ 1, ಇಲ್ಲವೇ ಇಲ್ಲ ಅಂದ್ರೆ ಸೊನ್ನೆ.

ಅಂದಹಾಗೆ ಲಾಪಿಯರ್‌ಗೆ ಹೀಗೆ ಹೋಗಿ ನೋಡಿ, ಆಮೇಲೆ ಕೇಳಿ ಹೋಲಿಸೋ ಯೋಚನೆ ಹುಟ್ಟಿದ್ದೇ ಒಂದು ಫೋನ್ ಕಾಲಿಂದ. ಆ ಗಂಡ ಹೆಂಡ್ತಿಗೆ ಆರಾಮಾಗಿ ರೂಮ್ ಕೊಟ್ಟಿದ್ದ ಹೋಟೆಲ್‌ಗೇ ಎರಡು ತಿಂಗಳಾದ್ಮೇಲೆ ಫೋನ್ ಮಾಡಿ, ಒಬ್ಬ ಗಣ್ಯ ಚೀನೀಯರು ಬರ್ತಾರೆ ಇಳಿಸ್ಕೊಳ್ತೀರಾ ಅಂದ್ರು. ಇಲ್ಲ ಅಂದ್ಬಿಟ್ರು. ಫೋನಲ್ಲಿ ಕೇಳಿಸಿದ್ದು 'ಚೀನೀಯ' ಅನ್ನೋ ಒಂದು ಪದ. ಅವತ್ತು ಕೌಂಟರ್ ಮುಂದೆ ನಿಂತಿದ್ದು ನೀಟಾಗಿ ಬಟ್ಟೆ ಹಾಕ್ಕೊಂಡು, ನಗುನಗ್ತಾ ಚೆನ್ನಾಗಿ ಇಂಗ್ಲಿಷ್ ಮಾತಾಡ್ತಿದ್ದ ಇಬ್ರು ಮನುಷ್ಯರು.